ಬೆಂಗಳೂರಿನಿಂದ ಲೇಹ್‌ಗೆ ಚಾರಿಟಿ ರೈಡ್: ಹೊರಡುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಫೆಬ್ರವರಿ ಬಂತೆಂದರೆ ಸಾಕು, ಈ ಪ್ರಶ್ನೆಗಳು ಶುರುವಾಗುತ್ತವೆ. ಜೂನ್‌ನಲ್ಲಿ ಬೈಕ್ ಹತ್ತಿ ಲಡಾಖ್‌ನ ಲೇಹ್‌ಗೆ ಹೋಗಬೇಕು, ಹೋಗುವುದರ ಜೊತೆಗೆ ಯಾವುದಾದರೂ ಒಳ್ಳೆಯ ಕೆಲಸಕ್ಕೆ ದುಡ್ಡು ಕೂಡಿಸಬೇಕು ಅನ್ನುವ ಆಸೆ. ಟೈರ್ ಯಾವುದು, ಜಾಕೆಟ್ ಯಾವುದು ಅಂತ ಕೇಳುವವರು ಬೇಕಾದಷ್ಟು ಜನ. ದುಡ್ಡಿನ ಲೆಕ್ಕ ಹೇಗಿಡಬೇಕು ಅಂತ ಕೇಳುವವರು ಕಡಿಮೆ. ಅದಕ್ಕೇ ದುಡ್ಡಿನ ವಿಷಯ ಮೊದಲು, ಬೈಕ್ ಆಮೇಲೆ.

ಕೂಡಿಸಿದ ದೇಣಿಗೆಯಲ್ಲಿ ಪೆಟ್ರೋಲ್ ಹಾಕಿಸಬಹುದಾ?

ಬೇಡ. ಊಟ, ರೂಮು, ಸರ್ವಿಸ್, ಟೀಶರ್ಟ್ ಯಾವುದಕ್ಕೂ ಬೇಡ. ಹೋಗಿ ಬರುವುದು ಸೇರಿ ಆರೂವರೆ–ಏಳು ಸಾವಿರ ಕಿಲೋಮೀಟರ್ ಆಗುತ್ತದೆ. 350 ಸಿಸಿ ಬೈಕ್ ಲೀಟರ್‌ಗೆ 33–35 ಕಿ.ಮೀ. ಕೊಟ್ಟರೂ ಸುಮಾರು 200 ಲೀಟರ್ ಪೆಟ್ರೋಲ್ ಬೇಕು. ಅಂದರೆ 20,000 ರೂಪಾಯಿ ದಾಟುತ್ತದೆ. ಮೂರು ವಾರದ ಊಟ, ವಸತಿ, ಹೊಸ ಟೈರ್, ಸರ್ವಿಸ್ ಸೇರಿಸಿದರೆ ಒಬ್ಬರಿಗೆ 60,000 ಆರಾಮಾಗಿ ಮುಗಿಯುತ್ತದೆ. ಇದು ನಿಮ್ಮ ಪ್ರವಾಸದ ಖರ್ಚು, ನಿಮ್ಮ ಜೇಬಿನಿಂದಲೇ ಹೋಗಬೇಕು.

"60,000 ಖರ್ಚು ಮಾಡಿ 40,000 ಕೂಡಿಸುವ ಬದಲು ಆ ದುಡ್ಡನ್ನೇ ಕೊಟ್ಟುಬಿಡಬಹುದಲ್ವಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೇಗಿದ್ದರೂ ನಾನು ಹೋಗುವವನೇ, ನನ್ನ ಖರ್ಚು ನನ್ನದು, ನೀವು ಕೊಟ್ಟ ಪ್ರತಿ ರೂಪಾಯಿಯೂ ಸಂಸ್ಥೆಗೆ ಸೇರುತ್ತದೆ ಅಂತ ಹೇಳುವ ಹಾಗಿದ್ದರೆ ಮಾತ್ರ ಅದಕ್ಕೆ ಉತ್ತರ ಇರುತ್ತದೆ. ಯಾವುದೋ ಕಂಪನಿ ನಿಮ್ಮ ಪೆಟ್ರೋಲ್ ಖರ್ಚು ಕೊಟ್ಟರೆ ತೊಂದರೆಯಿಲ್ಲ. ಅದು ಬೇರೆ ಲೆಕ್ಕ, ಬೇರೆ ಖಾತೆ. ಅದನ್ನೂ ಬಾಯಿಬಿಟ್ಟು ಹೇಳಿ.

ದುಡ್ಡು ನನ್ನ ಯುಪಿಐಗೇ ಹಾಕಿಸಿಕೊಂಡು ಕೊನೆಯಲ್ಲಿ ಒಟ್ಟಿಗೆ ಕೊಟ್ಟರಾಗಲ್ವಾ?

ಸುಲಭ ಅನಿಸುತ್ತದೆ, ಆದರೆ ಮೂರು ಕಡೆ ಪೆಟ್ಟು ಬೀಳುತ್ತದೆ. ಒಂದು, ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಜಾಸ್ತಿ ಹಣ ಹೀಗೆ ಬಂದರೆ ಆದಾಯ ತೆರಿಗೆಯವರ ಕಣ್ಣಲ್ಲಿ ಅದು ನಿಮ್ಮ ಆದಾಯ. ಎರಡು, ನಿಮಗೆ ಕೊಟ್ಟವರಿಗೆ 80ಜಿ ವಿನಾಯಿತಿ, ಅಂದರೆ ದಾನ ಕೊಟ್ಟದ್ದಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ, ಸಿಗುವುದಿಲ್ಲ. ವ್ಯಕ್ತಿಗೆ ಕೊಟ್ಟ ದುಡ್ಡಿಗೆ ಆ ವಿನಾಯಿತಿ ಇಲ್ಲವೇ ಇಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ನೀವು ಎಷ್ಟೇ ಪ್ರಾಮಾಣಿಕರಾಗಿದ್ದರೂ ಆಫೀಸಿನ ಕಾರಿಡಾರ್‌ನಲ್ಲಿ ಯಾರೋ ಒಬ್ಬರು "ಇವನ ಬೈಕಿಗೆ ಹೊಸ ಪ್ಯಾನಿಯರ್ (ಪಕ್ಕದ ಪೆಟ್ಟಿಗೆ) ಬಂದಿದೆ ನೋಡಿದ್ಯಾ" ಅಂದೇ ಅನ್ನುತ್ತಾರೆ.

ಸಂಸ್ಥೆಯ ಸ್ವಂತ ಬ್ಯಾಂಕ್ ಖಾತೆಯ ಕ್ಯೂಆರ್ ಕೋಡ್ ತಗೊಳ್ಳಿ. ಅದನ್ನೇ ಹಂಚಿ. ಜನ ನೇರವಾಗಿ ಅಲ್ಲಿಗೇ ಹಾಕಲಿ. ಮಿಲಾಪ್, ಕೆಟ್ಟೋ ತರಹದ ವೇದಿಕೆ ಬಳಸುವುದಾದರೆ ಶುಲ್ಕ ಎಷ್ಟು, ಹಣ ಕೊನೆಗೆ ಯಾರ ಖಾತೆಗೆ ಹೋಗುತ್ತದೆ ಎಂದು ಶುರು ಮಾಡುವ ಮುಂಚೆಯೇ ಓದಿಕೊಳ್ಳಿ.

ಸಂಸ್ಥೆ ಸರಿಯಾಗಿದೆ ಅಂತ ತಿಳಿಯುವುದು ಹೇಗೆ?

ಆದಾಯ ತೆರಿಗೆ ಇಲಾಖೆಯ 12ಎಬಿ ನೋಂದಣಿ (ಧರ್ಮಾರ್ಥ ಸಂಸ್ಥೆ ಎನ್ನುವುದಕ್ಕೆ) ಮತ್ತು 80ಜಿ ಪತ್ರ ಕೇಳಿ, ಅದರ ಅವಧಿ ಮುಗಿದಿಲ್ಲ ತಾನೇ ಅಂತ ದಿನಾಂಕ ನೋಡಿ. ದಾನಿಗಳಿಗೆ ತೆರಿಗೆ ವಿನಾಯಿತಿಗೆ ಬೇಕಾದ ದೇಣಿಗೆ ಪ್ರಮಾಣಪತ್ರ (10ಬಿಇ) ಕೊಡುತ್ತಾರಾ ಎಂದು ಕೇಳಿ. ಈ ಮಾತು ಕೇಳಿ ತಡವರಿಸುವವರ ಹತ್ತಿರ ಮುಂದುವರಿಯಬೇಡಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಇದನ್ನು ದಾನಿಗಳಿಗೆ ಮೊದಲೇ ಹೇಳಿಬಿಡಿ, ಮಾರ್ಚ್‌ನಲ್ಲಿ ಫೋನ್ ಬರುವುದು ತಪ್ಪುತ್ತದೆ.

ಕಾಗದ ಎಲ್ಲ ಸರಿಯಿದ್ದರೂ ಒಂದು ಸಲ ಅಲ್ಲಿಗೆ ಹೋಗಿ ಬನ್ನಿ, ಅದೂ ಹೇಳದೆ ಕೇಳದೆ, ವಾರದ ಮಧ್ಯೆ. ಮಕ್ಕಳ ಹಾಸ್ಟೆಲ್ ಆದರೆ ಅಡುಗೆಮನೆ ನೋಡಿ. ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಅಮೆರಿಕದಲ್ಲಿರುವ ಅಣ್ಣ, ದುಬೈನಲ್ಲಿರುವ ಗೆಳೆಯ ಕೊಡಬಹುದಾ?

ಅವರ ಪಾಸ್‌ಪೋರ್ಟ್ ಯಾವುದು ಅನ್ನುವುದರ ಮೇಲೆ ನಿಂತಿದೆ. ದುಬೈ ಗೆಳೆಯ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ಅವನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ, ಅದು ವಿದೇಶಿ ದೇಣಿಗೆ ಅಲ್ಲ. ಅಣ್ಣ ಅಮೆರಿಕದ ಪೌರನಾಗಿದ್ದರೆ ಕಥೆ ಬೇರೆ. ಕೈಯಲ್ಲಿ ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅವನು ಕೊಡುವುದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಮುಂಚಿತ ಅನುಮತಿ ಇರುವ ಸಂಸ್ಥೆ ಮಾತ್ರ ಅದನ್ನು ತಗೊಳ್ಳಬಹುದು. ಅದು ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಆ ಸಂಸ್ಥೆ ತೆರೆದಿರುವ ಖಾತೆಗೆ. "ನನ್ನ ಅಕೌಂಟಿಗೆ ಹಾಕು, ನಾನು ಕೊಡ್ತೀನಿ" ಅನ್ನುವ ದಾರಿ ಹಿಡಿಯಬೇಡಿ. ತೊಂದರೆ ನಿಮಗಿಂತ ಜಾಸ್ತಿ ಸಂಸ್ಥೆಗೆ.

ಜನರ ಹತ್ತಿರ ದುಡ್ಡು ಕೇಳುವುದು ಹೇಗೆ? ಸಂಕೋಚ ಆಗುತ್ತದೆ.

ಕಿಲೋಮೀಟರ್ ಲೆಕ್ಕ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಂಗಳೂರಿನಿಂದ ಲೇಹ್‌ಗೆ ಹೋಗುವ ದಾರಿ ಸುಮಾರು 3,300 ಕಿ.ಮೀ. ಅಂತಿಟ್ಟುಕೊಳ್ಳಿ. ಕಿಲೋಮೀಟರ್‌ಗೆ ಒಂದು ರೂಪಾಯಿ ಅಂದರೆ ಒಬ್ಬರಿಗೆ 3,300. ನೂರು ಜನ ಒಪ್ಪಿದರೆ 3,30,000. ಅಷ್ಟಾಗದವರಿಗೆ ಹತ್ತು ಪೈಸೆ ಲೆಕ್ಕ ಇಡಿ, 330 ರೂಪಾಯಿ ಬರುತ್ತದೆ. ಕಾಲೇಜು ಹುಡುಗರೂ ಕೊಡುತ್ತಾರೆ.

ಇನ್ನೊಂದು, "ಸಮಾಜ ಸೇವೆಗಾಗಿ" ಅಂದರೆ ಯಾರೂ ಜೇಬಿಗೆ ಕೈ ಹಾಕುವುದಿಲ್ಲ. ಇಂಥ ಊರಿನ ಇಂಥ ಸರ್ಕಾರಿ ಶಾಲೆಗೆ ಹೆಣ್ಣುಮಕ್ಕಳ ಶೌಚಾಲಯ, ಅಂದಾಜು ಖರ್ಚು ಇಷ್ಟು, ಈಗ ಇರುವುದು ಇಷ್ಟು ಅಂತ ಹೇಳಿ. ಹೊರಡುವ ಒಂದೂವರೆ ತಿಂಗಳ ಮುಂಚೆ ಶುರು ಮಾಡಿ. ದಾರಿಯಲ್ಲಿ ಕೂತು ದುಡ್ಡು ಕೇಳುವುದಕ್ಕೆ ಸಮಯವೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ.

ಲೇಹ್‌ಗೇ ಹೋಗಬೇಕಾ?

ಬೇಕಿಲ್ಲ. ನನ್ನನ್ನು ಕೇಳಿದರೆ ಮೊದಲ ರೈಡ್ ಬೀದರ್‌ನಿಂದ ಚಾಮರಾಜನಗರಕ್ಕೆ ಮಾಡಿ. ಒಂದು ವಾರ ಸಾಕು. ದಾರಿಯ ಊರುಗಳಲ್ಲಿ ಮಾತಾಡುವ ಭಾಷೆ ನಿಮ್ಮದು, ಯಾವ ಕೆಲಸಕ್ಕೆ ದುಡ್ಡು ಕೂಡಿಸುತ್ತಿದ್ದೀರೋ ಅದನ್ನು ಪಂಚಾಯಿತಿ ಕಟ್ಟೆಯ ಮೇಲೆ ಕೂತೇ ವಿವರಿಸಬಹುದು. ಲೇಹ್ ಹೆಸರಿಗೆ ಜನ ತಿರುಗಿ ನೋಡುತ್ತಾರೆ, ಅದು ನಿಜ. ಉಳಿದ ಪ್ರಶ್ನೆಗಳು ಲೇಹ್‌ಗೆ ಹೋಗಿಯೇ ತೀರುತ್ತೇನೆ ಅನ್ನುವವರಿಗೆ.

ಯಾವಾಗ ಹೊರಡಬೇಕು, ಯಾವ ದಾರಿ?

ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಲೇಹ್‌ಗೆ ಹೋಗುವ ಶ್ರೀನಗರ, ಮನಾಲಿ ಎರಡೂ ದಾರಿ ಸಾಮಾನ್ಯವಾಗಿ ತೆರೆದಿರುತ್ತವೆ. ಜುಲೈ–ಆಗಸ್ಟ್‌ನಲ್ಲಿ ಹಿಮಾಚಲದ ಕಡೆ ಮಳೆ, ಗುಡ್ಡ ಕುಸಿತ ಜಾಸ್ತಿ.

ನಮ್ಮೂರಿನಿಂದ ದಾರಿ ಹುಡುಕುವ ಕಷ್ಟವೇ ಇಲ್ಲ. ದೇವನಹಳ್ಳಿ, ಬಾಗೇಪಲ್ಲಿ ದಾಟಿ ಹೋಗುವ ಎನ್‌ಎಚ್ 44 ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ, ದೆಹಲಿ, ಜಮ್ಮು ಎಲ್ಲ ದಾಟಿ ಶ್ರೀನಗರಕ್ಕೇ ಹೋಗಿ ಮುಟ್ಟುತ್ತದೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಬೈಕಿಗೆ ಟೋಲ್ ಇಲ್ಲ. ಆಗ್ರಾದಿಂದ ಯಮುನಾ ಎಕ್ಸ್‌ಪ್ರೆಸ್‌ವೇ ಹಿಡಿದರೆ ಮಾತ್ರ ಬೈಕಿಗೂ ಟೋಲ್ ಕಟ್ಟಬೇಕು.

ಹೋಗುವಾಗ ಶ್ರೀನಗರದ ದಾರಿ, ಬರುವಾಗ ಮನಾಲಿಯ ದಾರಿ. ಇದನ್ನು ಉಲ್ಟಾ ಮಾಡಬೇಡಿ. ಕಾರಣ ಮುಂದೆ, ಎತ್ತರದ ಪ್ರಶ್ನೆಯಲ್ಲಿ ಬರುತ್ತದೆ.

ಒಂದು ವಿಷಯ ಯಾರೂ ಹೇಳುವುದಿಲ್ಲ. ಎಲ್ಲರೂ ಲೇಹ್ ಚಳಿಗೆ ತಯಾರಾಗುತ್ತಾರೆ, ಆದರೆ ಮೊದಲು ಸಿಗುವುದು ನಾಗಪುರದ ಬಿಸಿಲು. ಜೂನ್ ಶುರುವಿನಲ್ಲಿ ಆದಿಲಾಬಾದ್‌ನಿಂದ ಝಾನ್ಸಿವರೆಗೆ 40 ಡಿಗ್ರಿ ಮಾಮೂಲು. ಬೆಳಕು ಹರಿಯುತ್ತಿದ್ದಂತೆ ಹೊರಟು 11 ಗಂಟೆಯೊಳಗೆ ದಿನದ ಮುಕ್ಕಾಲು ದಾರಿ ಮುಗಿಸಿ. ಗಾಳಿ ಆಡುವ ಬಲೆಯಂಥ ಮೆಶ್ ಜಾಕೆಟ್ ಹಾಕಿ, ಒಳಗಿನ ಟೀಶರ್ಟ್ ಒದ್ದೆ ಮಾಡಿಕೊಳ್ಳಿ. ಥರ್ಮಲ್‌ಗಳು ಬ್ಯಾಗಿನ ತಳದಲ್ಲಿರಲಿ.

ಯಾವ ಬೈಕ್ ಆದರೆ ಒಳ್ಳೆಯದು?

ನಿಮ್ಮ ಹತ್ತಿರ ಈಗ ಇರುವುದು. 100 ಸಿಸಿ ಬೈಕಿನಲ್ಲೂ ಜನ ಲೇಹ್ ಹತ್ತಿರದ ಖರ್ದುಂಗ್ ಲಾ (ಲಾ ಅಂದರೆ ಬೆಟ್ಟ ದಾಟುವ ಪಾಸ್) ಹತ್ತಿದ್ದಾರೆ. ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಯೆಜ್ಡಿಗಳಲ್ಲಿ ಹೋದವರೂ ಇದ್ದಾರೆ. ಅವರ ಬ್ಯಾಗಿನಲ್ಲಿ ಬಟ್ಟೆಗಿಂತ ಸ್ಪೇರ್ ಪಾರ್ಟ್ ಜಾಸ್ತಿ ಇರುತ್ತದೆ ಅನ್ನುವುದು ಬೇರೆ ಮಾತು.

ಎರಡು ಸಂಗತಿ ನೋಡಿಕೊಳ್ಳಿ. ಕಾರ್ಬ್ಯುರೇಟರ್ ಬೈಕ್ ಎತ್ತರದಲ್ಲಿ ಉಸಿರು ಕಟ್ಟಿದ ಹಾಗೆ ಆಡುತ್ತದೆ. ಗಾಳಿ ತೆಳುವಾಗುತ್ತದೆ, ಪೆಟ್ರೋಲ್ ಮಾತ್ರ ಅಷ್ಟೇ ಬರುತ್ತಿರುತ್ತದೆ. ಫ್ಯೂಯಲ್ ಇಂಜೆಕ್ಷನ್ ಬೈಕ್ ಇದನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಆದರೂ 5,000 ಮೀಟರ್ ದಾಟಿದ ಮೇಲೆ ಯಾವ ಬೈಕಿನಲ್ಲೂ ಮೊದಲಿನ ದಮ್ಮು ಇರುವುದಿಲ್ಲ. ಎರಡನೆಯದು ಟ್ಯಾಂಕ್. ಮನಾಲಿ ದಾರಿಯ ತಾಂಡಿ ಬಂಕಿನಲ್ಲಿ "ಮುಂದಿನ ಬಂಕ್ 365 ಕಿ.ಮೀ." ಎಂಬ ಬೋರ್ಡ್ ಹೆಸರುವಾಸಿ. 13 ಲೀಟರ್ ಟ್ಯಾಂಕಿನ ಬೈಕ್ ಸಮತಟ್ಟಿನಲ್ಲಿ 400 ಓಡಿದರೂ ಆ ಏರಿನಲ್ಲಿ ಓಡುತ್ತದೆಂದು ನಂಬಬೇಡಿ. ಲೇಹ್ ಬಿಡುವಾಗ ಟ್ಯಾಂಕ್ ತುಂಬಿಸಿ, ಮುಂದೆ ಕಾರು ಎಂಬ ಊರಿನಲ್ಲಿ ಮತ್ತೆ ತುಂಬಿಸಿ, ಐದು ಲೀಟರ್ ಕ್ಯಾನ್ ಒಂದು ಜೊತೆಗಿರಲಿ.

ಬಾಡಿಗೆ ಬೈಕ್ ಯೋಚನೆ ಇದ್ದರೆ ಲೇಹ್‌ನಲ್ಲೇ ತಗೊಳ್ಳಿ. ಮನಾಲಿ, ಶ್ರೀನಗರ, ದೆಹಲಿಯ ಬಾಡಿಗೆ ಬೈಕುಗಳನ್ನು ಲೇಹ್‌ನಿಂದ ಆಚೆ ನುಬ್ರಾ ಕಣಿವೆ, ಪ್ಯಾಂಗಾಂಗ್ ಸರೋವರದ ಕಡೆ ಅಲ್ಲಿನ ಬಾಡಿಗೆ ಬೈಕ್ ಯೂನಿಯನ್‌ನವರು ಬಿಡುವುದಿಲ್ಲ. ಗೆಳೆಯನ ಬೈಕ್ ಆದರೆ ಅವನಿಂದ ಒಂದು ಪತ್ರ, ಅವನ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ.

ಬೈಕಿಗೆ ಏನೇನು ಮಾಡಿಸಬೇಕು? ಏನು ಸ್ಪೇರ್ ಬೇಕು?

ಸರ್ವಿಸ್ ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಎರಡು ವಾರ ಮುಂಚೆ ಮಾಡಿಸಿ, ಆಮೇಲೆ 500 ಕಿಲೋಮೀಟರ್ ಓಡಿಸಿ. ಬಿಗಿ ಮಾಡದೆ ಬಿಟ್ಟ ನಟ್ಟು, ಸೋರುವ ಗ್ಯಾಸ್ಕೆಟ್ ಎಲ್ಲ ಆಗಲೇ ಹೊರಗೆ ಬರಲಿ. ಚೈನ್ ಮತ್ತು ಸ್ಪ್ರಾಕೆಟ್ ಅರ್ಧ ಸವೆದಿದ್ದರೆ ಬದಲಿಸಿ, "ಇನ್ನೂ ಸ್ವಲ್ಪ ಓಡುತ್ತೆ" ಅನ್ನುವ ಮಾತು ಊರೊಳಗೆ ಸರಿ. ಬ್ರೇಕ್ ಪ್ಯಾಡ್ ಹೊಸದಿರಲಿ. ಟೈರ್ ಹೊಸದಾದರೆ ಮೊದಲ ನೂರು–ನೂರೈವತ್ತು ಕಿ.ಮೀ. ನಿಧಾನಕ್ಕೆ ಓಡಿಸಿ, ಮೇಲಿನ ನುಣುಪು ಹೋಗುವವರೆಗೆ ಹಿಡಿತ ಇರುವುದಿಲ್ಲ.

ಸ್ಪೇರ್: ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಸ್ಪಾರ್ಕ್ ಪ್ಲಗ್, ಫ್ಯೂಸ್, ಕ್ಲಚ್ ಮತ್ತು ಬ್ರೇಕ್ ಲಿವರ್, ಚೈನ್ ಲಿಂಕ್, ಎಂಜಿನ್ ಆಯಿಲ್ ಅರ್ಧ ಲೀಟರ್, ಇನ್ಸುಲೇಷನ್ ಟೇಪ್, ಕೇಬಲ್ ಟೈ, ಎಂ-ಸೀಲ್.

ಕ್ಲಚ್ ಕೇಬಲ್‌ನದ್ದು ಒಂದು ಹಳೇ ಉಪಾಯವಿದೆ. ಹೊಸ ಕೇಬಲ್ಲನ್ನು ಬ್ಯಾಗಿನಲ್ಲಿ ಸುತ್ತಿಡಬೇಡಿ. ಮನೆಯಲ್ಲೇ ಟ್ಯಾಂಕ್ ಎತ್ತಿ, ಹಳೆಯ ಕೇಬಲ್ ಹೋಗಿರುವ ದಾರಿಯಲ್ಲೇ ಹೊಸದನ್ನೂ ಪಕ್ಕದಲ್ಲಿ ಎಳೆದು, ಕೇಬಲ್ ಟೈ ಹಾಕಿ, ಎರಡೂ ತುದಿಗೆ ಗ್ರೀಸ್ ಹಚ್ಚಿ ಟೇಪ್ ಸುತ್ತಿಡಿ. ಹಳೆಯದು ತುಂಡಾದರೆ ಟೇಪ್ ಕಿತ್ತು ಎರಡು ತುದಿ ಸಿಕ್ಕಿಸುವುದಷ್ಟೇ ಕೆಲಸ. ಆದಿಲಾಬಾದ್ ದಾಟಿ ಒಂದು ಢಾಬಾ ಮುಂದೆ ನಮ್ಮ ಗುಂಪಿನ ಹುಡುಗನೊಬ್ಬನ ಕೇಬಲ್ ಹೋಯಿತು. ಚಹಾ ಬರುವುದರೊಳಗೆ ಬೈಕ್ ರೆಡಿ ಆಗಿತ್ತು.

ಟ್ಯೂಬ್ ಟೈರ್ ಇದ್ದವರು ಹಿಂದಿನ ಚಕ್ರ ಬಿಚ್ಚಿ ಟ್ಯೂಬ್ ಹಾಕುವುದನ್ನು ಮನೆ ಅಂಗಳದಲ್ಲಿ ಒಂದು ಸಲವಾದರೂ ಮಾಡಿ. ಯೂಟ್ಯೂಬ್ ನೋಡಿ ಕಲಿತದ್ದು ಮನಾಲಿ ದಾರಿಯ ಬಯಲು ಮೊರೆ ಪ್ಲೇನ್ಸ್ ಗಾಳಿಯಲ್ಲಿ ನೆನಪಿಗೆ ಬರುವುದಿಲ್ಲ.

ದಿನಕ್ಕೆ ಎಷ್ಟು ಓಡಿಸಬೇಕು?

ಹೆದ್ದಾರಿಯಲ್ಲಿ 400–450, ಬೆಟ್ಟದಲ್ಲಿ 150–200. ಅಮೆರಿಕದ ಐರನ್ ಬಟ್ ಸಂಘದವರ ಸವಾಲಿನಂತೆ 24 ಗಂಟೆಯಲ್ಲಿ 1,600 ಕಿ.ಮೀ. ಓಡಿಸುವ ಹುಚ್ಚು ಕೆಲವರಿಗಿದೆ. ಅದು ಬೇರೆ ಆಟ. ಅದನ್ನು ಚಾರಿಟಿ ರೈಡ್ ಜೊತೆ ಬೆರೆಸಬೇಡಿ.

ಸಂಜೆ ಐದಕ್ಕೆ ರೂಮು ಹುಡುಕಲು ಶುರು ಮಾಡಿ, ಕತ್ತಲಾದ ಮೇಲೆ ಬೈಕ್ ಮುಟ್ಟಬೇಡಿ. ರಾತ್ರಿ ಎನ್‌ಎಚ್ 44ರಲ್ಲಿ ಲೈಟೇ ಇಲ್ಲದೆ ನಿಂತ ಲಾರಿ, ತಪ್ಪು ದಿಕ್ಕಿನಲ್ಲಿ ಬರುವ ಟ್ರ್ಯಾಕ್ಟರ್, ಹಸು ಎಲ್ಲವೂ ಸಿಗುತ್ತವೆ. ನಾಗಪುರ–ಸಿವನಿ ನಡುವೆ ದಾರಿ ಪೆಂಚ್ ಕಾಡಿನೊಳಗೆ ಹಾದುಹೋಗುತ್ತದೆ. ಅಲ್ಲಿ ಹುಲಿ, ಜಿಂಕೆ ಕೆಳಗಿಂದ ದಾಟಲಿ ಅಂತ ರಸ್ತೆಯನ್ನೇ ಎತ್ತರಿಸಿದ್ದಾರೆ. ಹಗಲಲ್ಲಿ ಹೋದರೆ ನೋಡುವ ಹಾಗಿದೆ.

ಮೈ ತಯಾರಿ ಬೇಕಾ?

ಬೇಕು, ಆದರೆ ಜಿಮ್ಮಿಗಿಂತ ಸೀಟಿನ ಮೇಲೆ. ಎರಡು ತಿಂಗಳು, ಪ್ರತಿ ಭಾನುವಾರ: ಮೊದಲು 200, ಆಮೇಲೆ 300, ಆಮೇಲೆ ಎರಡು ದಿನ ಬೆನ್ನಿಗೆ ಬೆನ್ನು 400. ಎರಡನೇ ದಿನ ಬೆಳಿಗ್ಗೆ ಏನು ನೋಯುತ್ತದೋ ಅದು ಲೇಹ್ ದಾರಿಯಲ್ಲೂ ನೋಯುತ್ತದೆ. ಹ್ಯಾಂಡಲ್, ಸೀಟು, ಫುಟ್‌ಪೆಗ್ ಆಗಲೇ ಸರಿ ಮಾಡಿಸಿ. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಓಡಿಸಬೇಡಿ, ಭಾರ ಎಲ್ಲ ಬೈಕಿನ ಮೇಲೆ, ಆದಷ್ಟು ಕೆಳಗೆ ಇರಲಿ.

ಊಟದ ವಿಷಯ: ನಾಲ್ಕನೇ ದಿನ ಎಲ್ಲರಿಗೂ ಮೊಸರನ್ನದ ನೆನಪಾಗುತ್ತದೆ. ಢಾಬಾಗಳಲ್ಲಿ ಅನ್ನ, ಮೊಸರು ಎರಡೂ ಸಿಗುತ್ತದೆ, ಕಲಸಿಕೊಳ್ಳಿ. ಮಧ್ಯಾಹ್ನ ಬೆಣ್ಣೆ ಹಾಕಿದ ಪರಾಠ ತಿಂದು ಬೈಕ್ ಹತ್ತಿದರೆ ನಿದ್ದೆ ಖಂಡಿತ.

ಎತ್ತರದಲ್ಲಿ ಉಸಿರು ಕಟ್ಟುತ್ತಂತೆ, ನಿಜಾನಾ?

ನಿಜ. ಈ ರೈಡ್‌ನಲ್ಲಿ ಅಪಘಾತ ಬಿಟ್ಟರೆ ಪ್ರಾಣಕ್ಕೆ ಕುತ್ತು ತರುವುದು ಇದೊಂದೇ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಲೇಹ್ 3,500. ಶ್ರೀನಗರದ ದಾರಿಯಲ್ಲಿ ಏರಿಕೆ ಮೆಲ್ಲಗೆ ಆಗುತ್ತದೆ. ಶ್ರೀನಗರ ಸುಮಾರು 1,600, ಜೋಜಿ ಲಾ 3,528, ಆಮೇಲೆ ಕಾರ್ಗಿಲ್‌ನಲ್ಲಿ ಮತ್ತೆ 2,676ಕ್ಕೆ ಇಳಿದು ಮಲಗುತ್ತೀರಿ. ಮರುದಿನ ಫೋಟು ಲಾ 4,108 ದಾಟಿ ಲೇಹ್. ಹತ್ತಿ ಇಳಿದು ಮಲಗುವುದು ದೇಹಕ್ಕೆ ಒಗ್ಗುತ್ತದೆ.

ಮನಾಲಿಯಿಂದ ಹೊರಟವರು ಎರಡನೇ ರಾತ್ರಿ ಎಷ್ಟೋ ಸಲ 4,290 ಮೀಟರ್ ಎತ್ತರದ ಸರ್ಚುವಿನ ಟೆಂಟಿನಲ್ಲಿ ಕಳೆಯುತ್ತಾರೆ. ಅಲ್ಲಿ ತಲೆನೋವು, ವಾಂತಿ, ನಿದ್ದೆಯಿಲ್ಲದ ರಾತ್ರಿ ಸಾಮಾನ್ಯ. ಆಚೆ ಹೋಗೋಣ ಅಂದರೂ ಪಾಸ್, ಈಚೆ ಬರೋಣ ಅಂದರೂ ಪಾಸ್. ಅದಕ್ಕೇ ಆ ದಾರಿಯನ್ನು ಬರುವಾಗ ಇಟ್ಟುಕೊಳ್ಳಿ ಅಂದದ್ದು. ಅಷ್ಟರಲ್ಲಿ ದೇಹ ಒಗ್ಗಿರುತ್ತದೆ.

ಲೇಹ್ ತಲುಪಿದ ಮೇಲೆ ಎರಡು ರಾತ್ರಿ ಸುಮ್ನೆ ಇರಿ. ಮೊದಲ ದಿನ ಸ್ತೂಪ ಹತ್ತುವುದು, ಸ್ನಾನದ ಮೇಲೆ ಸ್ನಾನ, ಬಿಯರು ಎಲ್ಲ ಬೇಡ. ಎತ್ತರದ ತೊಂದರೆಗೆ ತಗೊಳ್ಳುವ ಡೈಮಾಕ್ಸ್ ಮಾತ್ರೆ ಬಗ್ಗೆ ಹೊರಡುವ ಮುಂಚೆ ನಿಮ್ಮ ವೈದ್ಯರನ್ನೇ ಕೇಳಿ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬಿಪಿ, ಆಸ್ತಮಾ, ಹೃದಯದ ತೊಂದರೆ ಇರುವವರು ಕೇಳದೆ ಹೊರಡಲೇಬಾರದು. ತಲೆನೋವು ಬಂದರೆ ಇನ್ನೂ ಮೇಲೆ ಹತ್ತಬೇಡಿ. ಒಬ್ಬರು ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ಚರ್ಚೆ ಮಾಡುತ್ತಾ ನಿಲ್ಲಬೇಡಿ. ತಕ್ಷಣ ಕೆಳಗೆ ಇಳಿಸಿ. ಲೇಹ್‌ನಲ್ಲಿದ್ದರೆ ಎಸ್‌ಎನ್‌ಎಂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಂದ ಹಾಗೆ, ಖರ್ದುಂಗ್ ಲಾ ಬೋರ್ಡಿನಲ್ಲಿದ್ದ ಆ ಪ್ರಸಿದ್ಧ 18,380 ಅಡಿ ಸರಿಯಲ್ಲ. ಜಿಪಿಎಸ್ ಅಳತೆಯಲ್ಲಿ ಅದು 5,359 ಮೀಟರ್, ಅಂದರೆ 17,600 ಅಡಿಯ ಆಸುಪಾಸು. ದಾನಿಗಳಿಗೆ ಕಳಿಸುವ ಫೋಟೋದ ಕೆಳಗೆ ಸರಿಯಾದದ್ದನ್ನೇ ಬರೆಯಿರಿ.

ಹೆಲ್ಮೆಟ್, ಕಾಗದಪತ್ರ, ಸಿಮ್?

ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್, ಮೊಣಕಾಲು ರಕ್ಷಣೆ, ಪಾದದ ಗಂಟು ಮುಚ್ಚುವ ಬೂಟು. ದುಡ್ಡು ಕಡಿಮೆ ಇದ್ದರೆ ಜಾಕೆಟ್‌ನಲ್ಲಿ ಉಳಿಸಿ, ಹೆಲ್ಮೆಟ್‌ನಲ್ಲಿ ಉಳಿಸಬೇಡಿ. ಆರ್‌ಸಿ, ಡಿಎಲ್, ವಿಮೆ, ಹೊಗೆ ತಪಾಸಣೆ ಪತ್ರ ಡಿಜಿಲಾಕರ್‌ನಲ್ಲಿದ್ದರೆ ಕಾನೂನಿಗೆ ಸಾಕು. ಆದರೆ ಚೆಕ್‌ಪೋಸ್ಟ್‌ನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ? ಪ್ರಿಂಟೂ ಇರಲಿ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರ, ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ. ಒಂದು ತಿಂಗಳ ಮುಂಚೆಯೇ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ.

ಎಷ್ಟು ಜನ ಹೋದರೆ ಚೆನ್ನ?

ಆರು ಜನ. ಎಂಟು ಆದರೂ ನಡೆಯುತ್ತದೆ. ಇಪ್ಪತ್ತು ಜನ ಹೊರಟರೆ ಪ್ರತಿ ಬಂಕಿನಲ್ಲೂ ಒಂದು ಗಂಟೆ. ಒಬ್ಬರಿಗೆ ಚಹಾ, ಇನ್ನೊಬ್ಬರಿಗೆ ಸಿಗರೇಟು, ಮತ್ತೊಬ್ಬರ ಗ್ಲೌಸ್ ಕಾಣೆ. ಜಾಸ್ತಿ ಜನ ಇದ್ದರೆ ಸಣ್ಣ ಗುಂಪು ಮಾಡಿ, ರಾತ್ರಿ ತಂಗುವ ಊರಿನಲ್ಲಿ ಸೇರಿ. ದಾರಿ ಗೊತ್ತಿರುವವರು ಮುಂದೆ, ರಿಪೇರಿ ಬರುವವರು ಕೊನೆಯಲ್ಲಿ, ಹೊಸಬರು ಮುಂದಿನವರ ಹಿಂದೆಯೇ. ಅಕ್ಕಪಕ್ಕ ಓಡಿಸುತ್ತಾ ಮಾತಾಡಬೇಡಿ.

ಬಾವುಟ, ಬ್ಯಾನರ್, ಫ್ಲ್ಯಾಗ್ ಆಫ್‌ಗೆ ಅನುಮತಿ ಬೇಕಾ?

ಆರು ಜನ ಬೆಳಿಗ್ಗೆ ಐದಕ್ಕೆ ಸುಮ್ನೆ ಹೊರಟರೆ ಬೇಡ. ಜನ ಸೇರಿಸಿ, ಮೈಕ್ ಹಾಕಿ, ರಸ್ತೆ ಬದಿ ಕಾರ್ಯಕ್ರಮ ಮಾಡಿದರೆ ಪೊಲೀಸರ ಅನುಮತಿ ತಗೊಳ್ಳಲೇಬೇಕು. ನಂಬರ್ ಪ್ಲೇಟ್ ಮುಚ್ಚುವ ಹಾಗೆ ಬ್ಯಾನರ್ ಕಟ್ಟಬೇಡಿ. ಕಿವಿ ಹರಿಯುವ ಸೈಲೆನ್ಸರ್ ಹಾಕಿಸಿಕೊಂಡು ಆಸ್ಪತ್ರೆಗೆ ದುಡ್ಡು ಕೂಡಿಸುತ್ತೇನೆ ಅನ್ನುವವರೂ ಇದ್ದಾರೆ, ಏನು ಹೇಳೋಣ.

ಮಕ್ಕಳ ಫೋಟೋ ಹಾಕಿದರೆ ಜಾಸ್ತಿ ದುಡ್ಡು ಬರುತ್ತೆ, ಹಾಕಬಹುದಾ?

ಮುಖ ತೋರಿಸಬೇಡಿ. ಕಟ್ಟಡದ ಫೋಟೋ ಹಾಕಿ, ಬಿಲ್ಲಿನ ಫೋಟೋ ಹಾಕಿ, ನಿಮ್ಮ ಧೂಳು ಮೆತ್ತಿದ ಮುಖದ ಫೋಟೋ ಬೇಕಾದಷ್ಟು ಹಾಕಿ.

ಅಪಘಾತವಾದರೆ?

112 ದೇಶದ ಎಲ್ಲ ಕಡೆ ಕೆಲಸ ಮಾಡುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಜಾರಿಗೆ ಬಂದಿದೆ. ಅದನ್ನೇ ನಂಬಿ ಕೂರಬೇಡಿ, ಆರೋಗ್ಯ ವಿಮೆ ಇರಲಿ. ಬೈಕ್ ವಿಮೆಯ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ಮಾಲೀಕರೇ ಓಡಿಸುತ್ತಿದ್ದರೆ ಮಾತ್ರ, ಗೆಳೆಯನಿಗೆ ಅನ್ವಯಿಸುವುದಿಲ್ಲ. ಹೆಸರು, ರಕ್ತದ ಗುಂಪು, ಮನೆಯ ಎರಡು ನಂಬರ್ ಬರೆದ ಚೀಟಿ ಜಾಕೆಟ್ಟಿನ ಎಡ ಜೇಬಿನಲ್ಲಿರಲಿ. ಗುಂಪಿನ ಎಲ್ಲರದ್ದೂ ಅದೇ ಜೇಬಿನಲ್ಲಿ, ಹುಡುಕುವ ಹಾಗಿರಬಾರದು.

ಅರ್ಧ ದಾರಿಯಲ್ಲೇ ವಾಪಸ್ ಬಂದರೆ ದಾನಿಗಳಿಗೆ ದುಡ್ಡು ತಿರುಗಿಸಬೇಕಾ?

ಹಣ ನೇರವಾಗಿ ಸಂಸ್ಥೆಗೆ ಹೋಗಿದ್ದರೆ ಈ ತಲೆಬಿಸಿಯೇ ಇಲ್ಲ. "ರೈಡ್ ಪೂರ್ತಿ ಆಗಲಿ ಬಿಡಲಿ, ದೇಣಿಗೆ ಸಂಸ್ಥೆಗೇ" ಎಂದು ಮೊದಲ ಮೆಸೇಜಿನಲ್ಲೇ ಬರೆದುಬಿಡಿ. ಆಗ ಜ್ವರ ಬಂದರೂ, ಗುಡ್ಡ ಕುಸಿದರೂ, "ಇಷ್ಟು ಜನ ದುಡ್ಡು ಕೊಟ್ಟಿದ್ದಾರೆ, ಹೋಗಲೇಬೇಕು" ಅನ್ನುವ ಒತ್ತಡ ಇರುವುದಿಲ್ಲ. ಬಂದ ಮೇಲೆ ಒಂದು ತಿಂಗಳೊಳಗೆ ಒಟ್ಟು ಎಷ್ಟು ಬಂತು, ಸಂಸ್ಥೆ ಯಾವುದಕ್ಕೆ ಖರ್ಚು ಮಾಡಿತು ಎಂಬ ಪತ್ರ ತರಿಸಿ ಎಲ್ಲರಿಗೂ ಕಳಿಸಿ, 330 ಕೊಟ್ಟವರಿಗೂ.

ಬರುವಾಗ ಬೈಕನ್ನು ರೈಲಿಗೆ ಹಾಕಬಹುದಾ? ರಜೆ ಸಾಲದು.

ಹಾಕಬಹುದು. ಎಷ್ಟೋ ಜನ ಚಂಡೀಗಢ ಅಥವಾ ದೆಹಲಿಯಿಂದ ಹೀಗೇ ಕಳಿಸುತ್ತಾರೆ. ನೀವೂ ಅದೇ ರೈಲಿನಲ್ಲಿ ಬರುವುದಾದರೆ ಲಗೇಜ್, ಇಲ್ಲದಿದ್ದರೆ ಪಾರ್ಸೆಲ್. ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಬೇಕು, ಟ್ಯಾಂಕ್ ಪೂರ್ತಿ ಖಾಲಿ ಇರಬೇಕು. ಸ್ಟೇಷನ್ ಹೊರಗೆ ಗೋಣಿ, ಹುಲ್ಲು ಸುತ್ತಿ ಪ್ಯಾಕ್ ಮಾಡುವವರು ಸಿಗುತ್ತಾರೆ. ಕನ್ನಡಿ ಬಿಚ್ಚಿ ಬ್ಯಾಗಿನಲ್ಲಿಟ್ಟುಕೊಳ್ಳಿ. ಬೈಕ್ ಬಂದ ಮೇಲೆ ಬೇಗ ಬಿಡಿಸಿಕೊಳ್ಳಿ, ತಡವಾದರೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಏರುತ್ತದೆ. ಟ್ಯಾಂಕಿನಲ್ಲಿ ಹನಿ ಪೆಟ್ರೋಲ್ ಇರುವುದಿಲ್ಲವಾದ್ದರಿಂದ ಹತ್ತಿರದ ಬಂಕಿನವರೆಗೆ ತಳ್ಳುವುದಕ್ಕೆ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ.